ಎಷ್ಟು ಪರ್ಸೆಂಟ್ ಬೇಕು ಅನ್ನೋದು ಆಮೇಲೆ, ಮೊದಲು ಕಾಂಬಿನೇಷನ್ ನೋಡಿ

ಮಗಳಿಗೆ ಎಸ್ಸೆಸ್ಸೆಲ್ಸಿಯಲ್ಲಿ 86 ಪರ್ಸೆಂಟ್, ರಾಜ್ಯ ಮಟ್ಟದ ಈಜು, ಅಮೆರಿಕದ ಕಾಲೇಜು ತಂಡ ಸೇರುವ ಆಸೆ, ಪ್ರಾಕ್ಟೀಸಿಗೆ ಟೈಮ್ ಸಿಗಲಿ ಅಂತ ಪಿಯುಸಿಗೆ ಕಾಮರ್ಸ್, ಎಷ್ಟು ಪರ್ಸೆಂಟ್ ಬೇಕು ಅಂತ ಕೇಳಿ ಬರೆದಿದ್ದೀರಿ. ಹುಡುಗಿ ಬದಲು ಹುಡುಗ ಅಂತ ಬರೆದಿದ್ದರೆ ಅದು ನಾನೇ.

ನಾನು ಬ್ರೆಸ್ಟ್‌ಸ್ಟ್ರೋಕ್ ಈಜುತ್ತಿದ್ದೆ. ಪಿಯು ಕಾಲೇಜಿನಲ್ಲಿ ಅಡ್ಮಿಷನ್ ದಿನ ಕ್ಲರ್ಕ್ ಕೇಳಿದ್ದು ಒಂದೇ ಪ್ರಶ್ನೆ: ಹೆಬಾನೋ, ಸೆಬಾನೋ? ಎಕನಾಮಿಕ್ಸ್, ಬಿಸಿನೆಸ್ ಸ್ಟಡೀಸ್, ಅಕೌಂಟೆನ್ಸಿ ಎರಡರಲ್ಲೂ ಇವೆ. ಹೆಬಾದಲ್ಲಿ ಹಿಸ್ಟರಿ, ಸೆಬಾದಲ್ಲಿ ಸ್ಟ್ಯಾಟಿಸ್ಟಿಕ್ಸ್. ಸ್ಟ್ಯಾಟಿಸ್ಟಿಕ್ಸ್ ಆದರೆ ಟ್ಯೂಷನ್ ಬೇಕಾಗುತ್ತೆ, ಸಂಜೆ ಪೂಲಿಗೆ ಹೋಗೋಕಾಗಲ್ಲ ಅಂತ ಲೆಕ್ಕ ಹಾಕಿ ಹೆಬಾ ತಗೊಂಡೆ. ಮನೆಯಲ್ಲೂ ಸರಿ ಅಂದರು. ಗಣಿತ ಎಸ್ಸೆಸ್ಸೆಲ್ಸಿಗೇ ಮುಗಿಯಿತು ಅಂತ ನನಗೆ ಖುಷಿಯೋ ಖುಷಿ.

ಈಗ ಆ ಕಡೆಯ ಲೆಕ್ಕ ನೋಡಿ. ಅಲ್ಲಿ ಕಾಲೇಜು ಕ್ರೀಡೆ ನಡೆಸುವ ಎನ್‌ಸಿಎಎ, ಒಂಬತ್ತರಿಂದ ಹನ್ನೆರಡನೇ ತರಗತಿವರೆಗಿನ ಓದು ನೋಡುತ್ತದೆ. ಅದರ ಅತಿ ಮೇಲಿನ ಹಂತವಾದ ಡಿವಿಷನ್ ಒನ್‌ಗೆ 16 ಕೋರ್ ಕೋರ್ಸ್ (ಲೆಕ್ಕಕ್ಕೆ ಹಿಡಿಯುವ ಮುಖ್ಯ ವಿಷಯಗಳು) ಬೇಕು. ಒಂದು ವಿಷಯ ಒಂದು ವರ್ಷ ಓದಿದರೆ ಒಂದು ಕೋರ್ಸ್. ಇಂಗ್ಲಿಷ್ 4, ಗಣಿತ 3, ವಿಜ್ಞಾನ 2, ಈ ಮೂರರಲ್ಲೇ ಇನ್ನೂ 1, ಸಮಾಜ 2. ಉಳಿದ 4 ಇವುಗಳಲ್ಲೇ ಆಗಬಹುದು, ಬೇರೆ ಭಾಷೆಯೂ ನಡೆಯುತ್ತದೆ.

ನನ್ನ ಹತ್ತಿರ ಇಂಗ್ಲಿಷ್ 4 ಇತ್ತು. ಎಕನಾಮಿಕ್ಸ್, ಹಿಸ್ಟರಿ ಸೇರಿ ಸಮಾಜ ಬೇಕಾದ್ದಕ್ಕಿಂತ ಜಾಸ್ತಿಯೇ ಇತ್ತು. ಗಣಿತ ಮಾತ್ರ 2, ಒಂಬತ್ತನೇದು ಮತ್ತು ಹತ್ತನೇದು. ವಿಜ್ಞಾನವೂ ಅಷ್ಟೇ. ಅಂದರೆ ಗಣಿತಕ್ಕೆ ಒಂದು ಕಡಿಮೆ, ಆ ‘ಇನ್ನೂ 1’ ಕೂಡ ಇಲ್ಲ. ಸೆಬಾ ತಗೊಂಡಿದ್ದರೆ ಎರಡು ವರ್ಷದ ಸ್ಟ್ಯಾಟಿಸ್ಟಿಕ್ಸ್ ಗಣಿತದ ಖಾತೆಗೆ ಹೋಗಿ ಎರಡೂ ತುಂಬುತ್ತಿತ್ತು. ನನಗೆ ಅತಿ ಹೆಚ್ಚು ಅಂಕ ಬಂದದ್ದು ಅಕೌಂಟೆನ್ಸಿಯಲ್ಲಿ. ಅದು ಕೋರ್ ಕೋರ್ಸೇ ಅಲ್ಲ! ಜಿಪಿಎಗೂ (ಸರಾಸರಿ ಗ್ರೇಡಿಗೂ) ಸೇರಲ್ಲ.

ಇದೆಲ್ಲ ಗೊತ್ತಾಗಿದ್ದು ಸೆಕೆಂಡ್ ಪಿಯು ರಿಸಲ್ಟ್ ಬಂದ ಮೇಲೆ. ಅಲ್ಲಿನ ಒಬ್ಬ ಕೋಚ್ ನನ್ನ ಟೈಮಿಂಗ್ ನೋಡಿ ಒಪ್ಪಿದ್ದರು. ಅಂಕಪಟ್ಟಿ ಕಳಿಸಿದೆ. ಗಣಿತ ಎಲ್ಲಿ ಅಂತ ಮೇಲ್ ಬಂತು. ಪಿಯುಸಿ ಮುಗಿದ ಮೇಲೆ ಒಂದು ವರ್ಷದೊಳಗೆ ಒಂದು ಕೋರ್ಸ್ ಕಟ್ಟಿಕೊಳ್ಳಲು ಅವಕಾಶವಿದೆ. ನನಗೆ ಬೇಕಿದ್ದದ್ದು ಎರಡು. ಅರ್ಹತೆ ಇಲ್ಲದವರಿಗೆ ಮೊದಲ ವರ್ಷ ಸ್ಪರ್ಧೆ ಇಲ್ಲ, ತಂಡದ ಜೊತೆ ಪ್ರಾಕ್ಟೀಸ್ ಇಲ್ಲ, ಕ್ರೀಡಾ ಸ್ಕಾಲರ್‌ಶಿಪ್ ಇಲ್ಲ. ಕೋಚ್ ಬೇರೆಯವರನ್ನು ತಗೊಂಡರು, ತಗೊಳ್ಳದೆ ಏನು ಮಾಡುತ್ತಾರೆ? ಫೀಸ್ ತಗೊಂಡಿದ್ದ ಇಲ್ಲಿನ ಕನ್ಸಲ್ಟೆಂಟ್ ಆಮೇಲೆ ಫೋನೇ ಎತ್ತಲಿಲ್ಲ. ನಾನು ಅಮೆರಿಕದ ಎರಡು ವರ್ಷದ ಜೂನಿಯರ್ ಕಾಲೇಜಿಗೆ ಹೋಗಿ, ಅಸೋಸಿಯೇಟ್ ಡಿಗ್ರಿ ಮುಗಿಸಿ, ಅಲ್ಲಿಂದ ಡಿವಿಷನ್ ಟೂ ಸೇರಿದೆ. ಮನೆಯ ದುಡ್ಡು ಚೆನ್ನಾಗಿಯೇ ಕರಗಿತು.

ಹಾಗಾಗಿ 86 ಸಾಕಾ, 90 ಬೇಕಾ ಅಂತ ತಲೆ ಕೆಡಿಸಿಕೊಳ್ಳಬೇಡಿ. ಕೋರ್ ಕೋರ್ಸ್‌ಗಳಲ್ಲಿ ಕನಿಷ್ಠ ಜಿಪಿಎ 4ಕ್ಕೆ 2.3. ಅಷ್ಟು ಅಂಕ ತೆಗೆಯೋ ಹುಡುಗಿಗೆ ಅದು ದೊಡ್ಡದಲ್ಲ. 2023ರಿಂದ ಎನ್‌ಸಿಎಎ ಅರ್ಹತೆಗೆ ಎಸ್‌ಎಟಿ ಪ್ರವೇಶ ಪರೀಕ್ಷೆಯೂ ಬೇಡ (ಕಾಲೇಜು ಕೇಳಿದರೆ ಅದು ಬೇರೆ). ಗಣಿತ ಇರುವ ಸೈನ್ಸ್ ತಗೊಂಡರೆ ಕೋರ್ಸ್ ಕೊರತೆ ಬರಲ್ಲ, ಆದರೆ ನೀಟ್, ಸಿಇಟಿ ಕೋಚಿಂಗ್ ಶುರುವಾದರೆ ಈಜು ಮುಗೀತು ಅಂತಲೇ ನಾನು ಹೇಳೋದು. ಸೆಬಾ ಕೊಡಿಸಿ. ಟ್ಯೂಷನ್ ಬೇಕಾದರೆ ಭಾನುವಾರ ಹಾಕಿಸಿ.

ಸದ್ಯಕ್ಕೆ ಇಲ್ಲೇ ಬಿಕಾಂಗೆ ಸೇರಿಸಿ ಅಲ್ಲಿಂದ ಟ್ರೈ ಮಾಡೋಣ ಅಂತ ಬರೆದಿದ್ದೀರಲ್ಲ, ಅದನ್ನಂತೂ ಮಾಡಲೇಬೇಡಿ. ಸುಮ್ನೆ ಒಂದು ಸೀಟು ಇರಲಿ ಅಂತ ಇಲ್ಲಿ ಡಿಗ್ರಿಗೆ ಪೂರ್ತಿಯಾಗಿ ಸೇರಿದರೂ ಅವಳು ಅಲ್ಲಿ ಟ್ರಾನ್ಸ್‌ಫರ್ ವಿದ್ಯಾರ್ಥಿ ಆಗುತ್ತಾಳೆ. ಡಿವಿಷನ್ ಒನ್‌ನಲ್ಲಿ ಸ್ಪರ್ಧಿಸೋಕೆ ಇರುವ ಐದು ವರ್ಷದ ಗಡಿಯಾರ ಇಲ್ಲಿಂದಲೇ ಓಡೋಕೆ ಶುರುವಾಗುತ್ತೆ. ನಮ್ಮ ಮನೆಯಲ್ಲೂ ಬಿಕಾಂ ಸೀಟು ನೋಡಿದ್ದರು. ನಾನು ಹಠ ಮಾಡಿ ಸೇರಲಿಲ್ಲ, ಅದೊಂದು ಪುಣ್ಯ.

ಒಂಬತ್ತನೇ ತರಗತಿಯ ಅಂಕಪಟ್ಟಿಯನ್ನು ಶಾಲೆಯಿಂದ ಸೀಲು, ಸಹಿ ಸಮೇತ ಈಗಲೇ ತಗೊಂಡಿಡಿ. ಎಸ್ಸೆಸ್ಸೆಲ್ಸಿ ಆದ ಮೇಲೆ ನಮ್ಮಲ್ಲಿ ಅದನ್ನು ಯಾರೂ ಕೇಳಲ್ಲ, ಎನ್‌ಸಿಎಎಯವರು ಕೇಳುತ್ತಾರೆ.

ಅಂದಹಾಗೆ, ಅವಳ ಟೈಮಿಂಗ್ ಬರೆದೇ ಇಲ್ಲ ನೀವು. ಅಲ್ಲಿ ಕಾಲೇಜು ಮೀಟ್‌ಗಳು ನಡೆಯೋದು 25 ಯಾರ್ಡ್ ಪೂಲಿನಲ್ಲಿ, ನಮ್ಮ 50 ಮೀಟರ್ ಪೂಲಿನ ಟೈಮನ್ನು ಅದಕ್ಕೆ ಪರಿವರ್ತಿಸಿ ನೋಡಬೇಕು. ಯಾವ ಸ್ಟ್ರೋಕ್, ಎಷ್ಟು ಟೈಮ್ ಅಂತ ಹಾಕಿ, ಯಾವ ಮಟ್ಟದ ಕಾಲೇಜಿಗೆ ಮೇಲ್ ಮಾಡಬಹುದು ಅಂತ ಹೇಳ್ತೀನಿ.