ಅಪ್ಪನ ಕೈಗೆ ಚಿಪ್ ಹಾಕಿಸಿದರೆ ದಾರಿ ತಪ್ಪಿದಾಗ ಸಿಗುತ್ತಾರಾ?

ಪ್ರಶ್ನೆ: ಅಪ್ಪನಿಗೆ 74 ವರ್ಷ, ಮರೆವಿನ ಕಾಯಿಲೆ. ಎರಡು ಸಲ ಮನೆಯಿಂದ ಹೊರಟು ದಾರಿ ತಪ್ಪಿದ್ದರು. ಸ್ವೀಡನ್‌ನಲ್ಲಿ ಜನ ಕೈಯೊಳಗೆ ಮೈಕ್ರೋಚಿಪ್ ಹಾಕಿಸಿಕೊಳ್ಳುತ್ತಾರಂತೆ. ಪಕ್ಕದ ಮನೆಯ ನಾಯಿಗೂ ಹಾಕಿಸಿದ್ದಾರೆ. ಅಪ್ಪನಿಗೆ ಹಾಕಿಸಿದರೆ ಅವರು ಎಲ್ಲಿದ್ದಾರೆಂದು ಮೊಬೈಲ್‌ನಲ್ಲಿ ಕಾಣುತ್ತದಾ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಇಲ್ಲ, ಕಾಣುವುದಿಲ್ಲ. ನಿಮ್ಮ ಆತಂಕ ಅರ್ಥವಾಗುತ್ತದೆ, ಅದಕ್ಕೇ ಮೊದಲೇ ಹೇಳಿಬಿಟ್ಟೆ.

ಈ ಚಿಪ್ ಅಕ್ಕಿ ಕಾಳಿನಷ್ಟು ದೊಡ್ಡದು. ಗಾಜಿನ ಕೊಳವೆಯೊಳಗೆ ಸಣ್ಣ ತಂತಿ ಸುರುಳಿ, ಒಂದಿಷ್ಟು ಮಾಹಿತಿ, ಅಷ್ಟೇ. ಬ್ಯಾಟರಿ ಇಲ್ಲ. ಸ್ಕ್ಯಾನರ್ ಅನ್ನು ಚರ್ಮದ ಹತ್ತಿರ ಹಿಡಿದಾಗ ಅದರಿಂದಲೇ ಶಕ್ತಿ ಪಡೆದು ತನ್ನ ನಂಬರ್ ಹೇಳುತ್ತದೆ. ಸ್ಕ್ಯಾನರ್ ಸ್ವಲ್ಪ ದೂರ ಸರಿದರೂ ಸುಮ್ಮನಾಗುತ್ತದೆ. ಇರುವ ಜಾಗ ತಿಳಿಸಲು ಜಿಪಿಎಸ್, ಸಿಮ್, ಬ್ಯಾಟರಿ ಎಲ್ಲ ಬೇಕು. ಅಕ್ಕಿ ಕಾಳಿನಲ್ಲಿ ಅದಕ್ಕೆಲ್ಲ ಜಾಗ ಎಲ್ಲಿದೆ? ಆ ನಾಯಿ ಕಳೆದುಹೋದರೂ ಅಷ್ಟೇ. ಯಾರಾದರೂ ಹಿಡಿದು ಪಶುವೈದ್ಯರ ಬಳಿ ಸ್ಕ್ಯಾನ್ ಮಾಡಿಸಿದಾಗಲೇ ಅದರ 15 ಅಂಕಿಯ ನಂಬರ್ ಸಿಗುವುದು.

ಸ್ವೀಡನ್‌ನವರು ಹೆಬ್ಬೆರಳು, ತೋರುಬೆರಳಿನ ನಡುವೆ ಚಿಪ್ ಹಾಕಿಸಿಕೊಂಡದ್ದು ಆಫೀಸಿನ ಬಾಗಿಲು ತೆರೆಯಲು, 2017ರಲ್ಲಿ ಶುರುವಾದಂತೆ ಅಲ್ಲಿನ ಎಸ್‌ಜೆ ಕಂಪನಿಯ ರೈಲಿನಲ್ಲಿ ಟಿಕೆಟ್ ಬದಲು ಕೈ ತೋರಿಸಲು. ಯಾರನ್ನೋ ಹುಡುಕಲು ಅಲ್ಲ.

ನಿಮ್ಮ ಯೋಚನೆಗೆ ಹತ್ತಿರದ್ದು ಅಮೆರಿಕದ ವೆರಿಚಿಪ್. ಪ್ರಜ್ಞೆ ತಪ್ಪಿದವರ, ಹೆಸರು ಹೇಳಲಾಗದವರ ವೈದ್ಯಕೀಯ ದಾಖಲೆ ತೆಗೆಯಲು ಅದರ ನಂಬರ್ ಸಾಕು ಎಂಬುದು ಉದ್ದೇಶ. 2004ರಲ್ಲಿ ಅಲ್ಲಿನ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಆದರೆ ಚಿಪ್ ಜಾಗ ಬಿಟ್ಟು ಸರಿಯಬಹುದು, ಎಂಆರ್‌ಐ ವೇಳೆ ತೊಂದರೆಯಾಗಬಹುದು, ಮಾಹಿತಿ ಸೋರಬಹುದು ಎಂದೂ ಎಚ್ಚರಿಸಿತ್ತು. ಅದನ್ನು ಓದುವ ಸ್ಕ್ಯಾನರ್ ಆಸ್ಪತ್ರೆಯಲ್ಲಿ ಇಲ್ಲದಿದ್ದರೆ ಏನೂ ಪ್ರಯೋಜನವಿಲ್ಲ ಅಲ್ವಾ? 2010ರಲ್ಲಿ ಮಾರಾಟವೇ ನಿಂತಿತು. ಇನ್ನೊಂದು ಮಾತು ನನ್ನನ್ನು ಕಾಡುತ್ತದೆ: ಮರೆವಿರುವ ಅಪ್ಪ ಚಿಪ್ ಹಾಕುವ ಈ ಸೂಜಿಗೆ ತಿಳಿದು ಒಪ್ಪಿಗೆ ಕೊಡಬಲ್ಲರೇ?

ಸಿಮ್ ಇರುವ ಜಿಪಿಎಸ್ ವಾಚ್ ಕೊಡಿಸಿ. ದಿನಾ ಚಾರ್ಜ್ ಮಾಡುವ ಕೆಲಸ ನಿಮ್ಮದೇ. ಅವರು ವಾಚ್ ಕಿತ್ತಿಡುವ ಸ್ವಭಾವದವರಾದರೆ, ಅಂಗಿಯ ಒಳಗಡೆ ನಿಮ್ಮ ಫೋನ್ ನಂಬರ್ ಹೊಲಿಸಿ. ಸ್ಕ್ಯಾನರ್ ಇಲ್ಲದೆ ಯಾರು ಬೇಕಾದರೂ ಓದಬಹುದು! ಬೀದಿಯ ಅಂಗಡಿಯವರಿಗೆ, ಆಟೋ ಸ್ಟ್ಯಾಂಡ್‌ನವರಿಗೆ ಅಪ್ಪನ ಫೋಟೋ ತೋರಿಸಿಡಿ. ಮತ್ತೆ ಕಾಣೆಯಾದರೆ ತಕ್ಷಣ 112ಕ್ಕೆ ಕರೆ ಮಾಡಿ. ದೂರು ಕೊಡಲು 24 ಗಂಟೆ ಕಾಯಬೇಕೆಂಬ ನಿಯಮವಿಲ್ಲ.