ಗೆರೆ ಎಳೆದ ಪದ ಇನ್ನೂ ಯಾರ ಕೈಯಲ್ಲಿದೆ?

ಪ್ರಶ್ನೆ: ಫೋನಿನಲ್ಲಿ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರೆಯುತ್ತೇನೆ. ಮೆಸೇಜ್ ಕಳಿಸುವಾಗ ಎಲ್ಲ ಸರಿ. ಆದರೆ ಒಂದು ಆ್ಯಪ್‌ನಲ್ಲಿ ಅರ್ಜಿ ತುಂಬುವಾಗ ‘ರಮೇಶ’ ಅಂತ ಹೊಡೆದರೆ ‘ರ್ರರಮ್’ ಅಂತ ಬೆಳೆಯುತ್ತಾ ಹೋಗುತ್ತೆ. ಕೀಬೋರ್ಡ್ ಬದಲಿಸಿದರೂ ಅದೇ ಕಥೆ. ತಪ್ಪು ಯಾರದು? – ಓದುಗರು, ಹಾಸನ

ಉತ್ತರ: ಕೀಬೋರ್ಡ್ ಬದಲಿಸಿದರೂ ಹೋಗಲಿಲ್ಲ, ಬೇರೆ ಆ್ಯಪ್‌ಗಳಲ್ಲಿ ಬರೋದೂ ಇಲ್ಲ. ಹಾಗಾದರೆ ಅನುಮಾನ ಆ ಆ್ಯಪ್ ಮೇಲೇ.

ನಾವು ಒತ್ತಿದ ಅಕ್ಷರವನ್ನು ಕೀಬೋರ್ಡ್ ನೇರವಾಗಿ ಬಾಕ್ಸಿಗೆ ಹಾಕುತ್ತೆ ಅಂದುಕೊಂಡಿರುತ್ತೇವೆ, ಅಲ್ವಾ? ಹಾಗಿಲ್ಲ. ಆಂಡ್ರಾಯ್ಡ್‌ನಲ್ಲಿ ಕೀಬೋರ್ಡ್ ಅನ್ನೋದು ಬೇರೆಯೇ ಒಂದು ಪ್ರೋಗ್ರಾಂ, ಅದಕ್ಕೆ ಆ್ಯಪ್‌ನ ಬಾಕ್ಸ್ ಮುಟ್ಟುವ ಹಕ್ಕಿಲ್ಲ. ಬಾಕ್ಸ್ ಮೇಲೆ ಬೆರಳಿಟ್ಟಾಗ ಆ್ಯಪ್ ‘ಇನ್‌ಪುಟ್ ಕನೆಕ್ಷನ್’ ಅನ್ನುವ ಒಂದು ದಾರಿ ತೆರೆದುಕೊಡುತ್ತೆ, ಕೀಬೋರ್ಡ್ ಅದರ ಮೂಲಕ ಕೇಳಿಕೊಳ್ಳಬೇಕು ಅಷ್ಟೇ. ಈ ಏರ್ಪಾಡು 2009ರ ಆಂಡ್ರಾಯ್ಡ್ 1.5ರಿಂದ ಇದೆ.

ಈಗ ರಮೇಶನ ವಿಷಯ. ನೀವು ಆರ್ ಒತ್ತಿದಿರಿ. ಕೀಬೋರ್ಡ್ ‘ರ್’ ಕಳಿಸುತ್ತೆ, ಆದರೆ ‘ಇದು ಕರಡು’ ಅನ್ನುವ ಗುರುತಿನೊಂದಿಗೆ. ಪದದ ಕೆಳಗೆ ಕಾಣುವ ಗೆರೆ ಆ ಗುರುತೇ. ಎ ಒತ್ತಿದಾಗ ‘ಹಳೇ ಕರಡು ತೆಗೆದು ಅಲ್ಲಿ ರ ಇಡು’ ಅನ್ನುತ್ತೆ. ಎಮ್ ಒತ್ತಿದರೆ ಅದನ್ನೂ ತೆಗೆಸಿ ‘ರಮ್’. ಪ್ರತಿ ಸಲವೂ ಇಡೀ ಪದ ಹೊಸದಾಗಿ ಹೋಗುತ್ತೆ, ಬರೀ ಕೊನೆಯ ಅಕ್ಷರ ಅಲ್ಲ. ಸ್ಪೇಸ್ ಒತ್ತಿದಾಗ ‘ಇದೇ ಖಾಯಂ’ ಅಂತ ಬೇರೆ ಆದೇಶ ಹೋಗಿ ಗೆರೆ ಮಾಯ. ಪ್ರೋಗ್ರಾಂ ಬರೆಯುವವರ ಬಾಯಲ್ಲಿ ಮೊದಲನೆಯದು ಸೆಟ್ ಕಂಪೋಸಿಂಗ್ ಟೆಕ್ಸ್ಟ್, ಎರಡನೆಯದು ಕಮಿಟ್ ಟೆಕ್ಸ್ಟ್.

ನಿಮ್ಮ ಅರ್ಜಿಯ ಆ್ಯಪ್ ಏನು ಮಾಡುತ್ತಿರಬಹುದು ಅಂದರೆ, ಬಾಕ್ಸಿನಲ್ಲಿ ಏನೇ ಬದಲಾದರೂ ತಕ್ಷಣ ಕೈಹಾಕಿ, ಜಾಸ್ತಿ ಸ್ಪೇಸ್ ತೆಗೆಯಲೋ ಉದ್ದ ಕತ್ತರಿಸಲೋ, ಇಡೀ ಬರಹವನ್ನು ಅಳಿಸಿ ಮತ್ತೆ ತಾನೇ ಬರೆಯುತ್ತಿರಬೇಕು. ಅಕ್ಷರ ಅವೇ ಇದ್ದರೂ ಕರಡು ಅನ್ನುವ ಗುರುತು ಹೋಯಿತು. ಕೀಬೋರ್ಡಿಗೆ ಇದು ತಿಳಿಯದೆ ‘ಹಳೆಯದರ ಜಾಗದಲ್ಲಿ ರ’ ಅಂದರೆ ಹಳೇ ಕರಡೇ ಇಲ್ಲವಲ್ಲ, ಹೊಸದು ಪಕ್ಕದಲ್ಲಿ ಬೀಳುತ್ತೆ. ರ್, ರ, ರಮ್ ಮೂರೂ ಸೇರಿ ‘ರ್ರರಮ್’. ಒಂದು ಕೀಲಿ ಅಂದರೆ ಒಂದು ಅಕ್ಷರ ಅಂದುಕೊಂಡು ಬರೆದವರು ಇಂಗ್ಲಿಷ್‌ನಲ್ಲಿ ಮಾತ್ರ ಪರೀಕ್ಷೆ ಮಾಡಿ ಕೈತೊಳೆದುಕೊಂಡಿರುತ್ತಾರೆ, ಅದೇ ನನಗೆ ಸಿಟ್ಟು. ಸದ್ಯಕ್ಕೆ ಹೆಸರನ್ನು ಬೇರೆ ಕಡೆ ಬರೆದು ಕಾಪಿ ಮಾಡಿ ಅಂಟಿಸಿ. ದೂರು ಕೊಡುವಾಗ ‘ಕಂಪೋಸಿಂಗ್ ಟೆಕ್ಸ್ಟ್ ಹಾಳಾಗ್ತಿದೆ’ ಅಂತ ಬರೆಯಿರಿ, ಗೊತ್ತಿದ್ದವರಿಗೆ ಅಷ್ಟು ಸಾಕು.

ವೆಬ್‌ಸೈಟ್‌ಗಳಲ್ಲೂ ಇದರ ತಮ್ಮನಿದ್ದಾನೆ. ಎಂಟರ್ ಒತ್ತಿದ ಕೂಡಲೇ ಮೆಸೇಜ್ ಕಳಿಸುವ ಕೆಲವು ಪುಟಗಳು ಕರಡು ಮುಗಿದಿದೆಯಾ ಅಂತ ನೋಡೋದೇ ಇಲ್ಲ. ಜಪಾನಿ ಬರೆಯುವವರು ಪದ ಆರಿಸಿ ಖಾಯಂ ಮಾಡೋದೇ ಎಂಟರ್‌ನಿಂದ, ಪಾಪ, ಅವರ ಅರ್ಧ ವಾಕ್ಯ ಹೊರಟುಹೋಗುತ್ತೆ. ‘ಈಸ್ ಕಂಪೋಸಿಂಗ್’ ಅಂತ ಬ್ರೌಸರನ್ನು ಒಂದು ಮಾತು ಕೇಳಿದರೆ ಸಾಕಿತ್ತು.

ಪ್ರಶ್ನೆ: ‘ಲಕ್ಷ್ಮಿ’ ಬರೆದು ಬ್ಯಾಕ್‌ಸ್ಪೇಸ್ ಒತ್ತಿದರೆ ಕೆಲವು ಕಡೆ ಗುಡಿಸು ಮಾತ್ರ ಹೋಗುತ್ತೆ, ಎಮೋಜಿ ಆದರೆ ಪೂರ್ತಿ ಹೋಗುತ್ತೆ. ಏಕೆ? – ಓದುಗರು, ಧಾರವಾಡ

ಉತ್ತರ: ಕಣ್ಣಿಗೆ ಎರಡೇ ಅಕ್ಷರ, ಅಕ್ಷರಗಳಿಗೆ ನಂಬರ್ ಕೊಡುವ ಯೂನಿಕೋಡ್ ಲೆಕ್ಕದಲ್ಲಿ ಏಳು ತುಂಡು: ಲ, ಕ, ವಿರಾಮ (ಅಕ್ಷರವನ್ನು ಅರ್ಧ ಮಾಡುವ ‘್’ ಗುರುತು), ಷ, ಮತ್ತೊಂದು ವಿರಾಮ, ಮ, ಕೊನೆಗೆ ಗುಡಿಸು. ಕೀಬೋರ್ಡ್ ‘ಹಿಂದಿನ ಒಂದನ್ನು ಅಳಿಸು’ ಅಂದರೆ ಆ ‘ಒಂದು’ ಎಷ್ಟು ದೊಡ್ಡದು ಅನ್ನೋದೇ ತಕರಾರು. ನಮಗಂತೂ ಗುಡಿಸು ಮಾತ್ರ ಹೋಗೋದೇ ಅನುಕೂಲ, ಲಕ್ಷ್ಮಿಯನ್ನು ಲಕ್ಷ್ಮೀ ಮಾಡಲು ಇಡೀ ಒತ್ತಕ್ಷರ ಮತ್ತೆ ಬರೆಯಬೇಕಿಲ್ಲ. ಎಮೋಜಿಯಲ್ಲಿ ಅರ್ಧ ಅಳಿಸಿದರೆ ಉಳಿಯೋದು ಕಸ. ಒಳಗೆ ಎರಡು ಘಟಕಗಳಾಗಿ ಕೂತಿರುವ ಇಂಥ ಚಿಹ್ನೆ ತುಂಡಾಗದಿರಲಿ ಅಂತ ಆಂಡ್ರಾಯ್ಡ್ 7ರಲ್ಲಿ ಬೇರೆಯೇ ಆದೇಶ ಸೇರಿಸಿದರು.

ಪ್ರಶ್ನೆ: ಪಾಸ್‌ವರ್ಡ್ ಬಾಕ್ಸಿಗೆ ಹೋದರೆ ಪದದ ಸಲಹೆಗಳು ತಾವಾಗಿಯೇ ನಿಲ್ಲುತ್ತವೆ. ಕೀಬೋರ್ಡಿಗೆ ಹೇಗೆ ಗೊತ್ತಾಗುತ್ತೆ? – ಓದುಗರು, ಮೈಸೂರು

ಉತ್ತರ: ಆ್ಯಪ್ ಮೊದಲೇ ಹೇಳಿರುತ್ತೆ. ದಾರಿ ತೆರೆಯುವಾಗಲೇ ಇದು ಪಾಸ್‌ವರ್ಡ್, ಇದು ಫೋನ್ ನಂಬರ್, ಇದು ಇಮೇಲ್ ಅಂತ ಚೀಟಿ ಹೋಗುತ್ತೆ. ಆದರೆ ಅದನ್ನು ಪಾಲಿಸೋದು ಕೀಬೋರ್ಡಿನ ಮರ್ಯಾದೆಗೆ ಬಿಟ್ಟದ್ದು. ನೀವು ಒತ್ತಿದ್ದೆಲ್ಲ ಅದಕ್ಕೆ ಗೊತ್ತು, ಕರ್ಸರಿನ ಹಿಂದೆಮುಂದೆ ಏನಿದೆ ಅಂತ ಆ್ಯಪನ್ನು ಕೇಳಲೂ ಬರುತ್ತೆ. ಹೊಸ ಕೀಬೋರ್ಡ್ ಆನ್ ಮಾಡುವಾಗ ಫೋನ್ ಒಂದು ಎಚ್ಚರಿಕೆ ತೋರಿಸುತ್ತಲ್ಲ, ಪಾಸ್‌ವರ್ಡ್, ಕಾರ್ಡ್ ನಂಬರ್ ಎಲ್ಲ ಇದು ಸಂಗ್ರಹಿಸಬಹುದು ಅಂತ, ಅದು ಸುಮ್ನೆ ಅಲ್ಲ. ಯಾರು ಮಾಡಿದ್ದು ಅಂತಲೇ ತಿಳಿಯದ ಕೀಬೋರ್ಡ್ ಬಣ್ಣ ಚೆನ್ನಾಗಿದೆ ಅಂತ ಹಾಕಿಕೊಳ್ಳಬೇಡಿ.