ಆಸ್ಪತ್ರೆ ಹುಡುಕೋ ಮೊದಲು ಮಾತ್ರೆ ಚೀಲ ಬಿಚ್ಚಿ

ಅಮ್ಮನಿಗೆ 72, ಆರು ತಿಂಗಳಿಂದ ಮರೆವು, ನಿಮ್ಹಾನ್ಸ್‌ಗೆ ಕರ್ಕೊಂಡು ಹೋಗ್ಲಾ ದಾವಣಗೆರೆಯಲ್ಲೇ ತೋರಿಸ್ಲಾ ಅಂತ ಕೇಳಿದ್ದೀರಿ. ಅದು ಆಮೇಲಿನ ಮಾತು. ನಮ್ಮ ಅತ್ತೆಗೂ ಹಿಂಗೇ ಆಗಿತ್ತು. ಮಂಡಕ್ಕಿ ಭಟ್ಟಿ ಹೊಗೆಗೆ ಮೂಗು ಸೋರ್ತದೆ ಅಂತ ಮೆಡಿಕಲ್ ಶಾಪಿನ ನೆಗಡಿ ಮಾತ್ರೆ, ಅದರಲ್ಲಿ ಕ್ಲೋರ್‌ಫೆನಿರಮಿನ್. ಶುಗರಿನ ಪಾದದುರಿಗೆ ಒಬ್ಬ ಡಾಕ್ಟರು ಕೊಟ್ಟ ಅಮಿಟ್ರಿಪ್ಟಿಲಿನ್. ಮೂತ್ರ ತಡೆಯಕ್ಕಾಗಲ್ಲ ಅಂದಿದ್ದಕ್ಕೆ ಇನ್ನೊಬ್ಬರು ಬರೆದ ಆಕ್ಸಿಬ್ಯುಟಿನಿನ್.

ಎಡವಟ್ಟಾಗಿದ್ದು ಇಲ್ಲೇ. ಒಬ್ಬರು ಬರೆದಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲ, ನೆಗಡಿ ಮಾತ್ರೆ ಯಾವ ಚೀಟಿಯಲ್ಲೂ ಇಲ್ಲ. ಮೂರು ಕಾಯಿಲೆಗೆ ಮೂರು ಔಷಧ ಅಂತ ಕಂಡರೂ ಮೂರೂ ಅಸಿಟೈಲ್‌ಕೋಲಿನ್‌ಗೆ ಅಡ್ಡ ನಿಲ್ಲುತ್ತವೆ. ಮಿದುಳು ಹೊಸದನ್ನು ನೆನಪಿಡೋದಕ್ಕೆ ಬೇಕಾದ ರಾಸಾಯನಿಕ ಅದು. ಒಂದೊಂದೂ ಅಳತೆಯಲ್ಲೇ ಇದ್ದರೂ ಪರಿಣಾಮ ಕೂಡ್ತಾ ಹೋಗುತ್ತೆ. ಮರೆವಿನ ಜೊತೆಗೆ ಬಾಯಿ ಒಣಗೋದು, ಮಲಬದ್ಧತೆ, ಕಣ್ಣು ಮಂಜಾಗೋದು, ಮೂತ್ರ ಕಟ್ಟೋದು ಇದ್ದರೆ ಮೊದಲ ಅನುಮಾನ ಮಾತ್ರೆ ಮೇಲೇ ಇರಲಿ. ಇದರ ಮೇಲೆ ಮರೆವಿಗೆ ಅಂತ ಡೊನೆಪೆಜಿಲ್ ಕೊಟ್ಟರೆ, ಎತ್ತು ಏರಿಗೆಳೀತು, ಕೋಣ ನೀರಿಗೆಳೀತು: ಅದು ಅಸಿಟೈಲ್‌ಕೋಲಿನ್ ಹೆಚ್ಚಿಸುತ್ತೆ, ಇವು ಅದಕ್ಕೇ ಅಡ್ಡಗಾಲು ಹಾಕ್ತವೆ.

65 ದಾಟಿದ 3,434 ಜನರನ್ನು ಸರಾಸರಿ 7 ವರ್ಷ ಗಮನಿಸಿದ ಸಿಯಾಟಲ್‌ನ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯ್ತು. ಇಂಥ ಔಷಧ ದಿನಾ ತಗೊಂಡು 3 ವರ್ಷಕ್ಕೂ ಮಿಕ್ಕಷ್ಟು ಪ್ರಮಾಣ ಸೇರಿದವರಲ್ಲಿ ಡಿಮೆನ್ಶಿಯಾ (ಮರೆವಿನ ಕಾಯಿಲೆ) ಅಪಾಯ, ತಗೊಳ್ಳದವರಿಗಿಂತ 54% ಹೆಚ್ಚು ಕಂಡಿತ್ತು. ಔಷಧವೇ ಕಾರಣ ಅಂತ ಇದರಿಂದ ಸಾಬೀತಾಗಲ್ಲ. ಆದರೆ ಬದಲಿ ಇರುವಾಗ ಇದನ್ನೇ ನುಂಗೋದು ಯಾಕೆ? ನೆಗಡಿ ಅಲರ್ಜಿಗೆ ಫೆಕ್ಸೊಫೆನಡಿನ್ ಇದೆ, ಅದು ಮಿದುಳಿಗೆ ಇಳಿಯೋದು ತೀರಾ ಕಮ್ಮಿ.

ಮನೆಯಲ್ಲಿರೋ ಎಲ್ಲಾ ಸ್ಟ್ರಿಪ್, ಕೆಮ್ಮಿನ ಸಿರಪ್ಪು, ನಾಟಿ ಪುಡಿ ಸಮೇತ ಒಂದೇ ಚೀಲಕ್ಕೆ ಹಾಕಿ ಒಬ್ಬ ಫಿಜಿಷಿಯನ್ ಮುಂದೆ ಸುರುವಿ. ಬ್ರ್ಯಾಂಡ್ ಹೆಸರು ಬಿಟ್ಟು ಕೆಳಗಿನ ಸಣ್ಣಕ್ಷರ ಓದಿ. ಎರಡು ಬ್ರ್ಯಾಂಡಿನಲ್ಲಿ ಒಂದೇ ಔಷಧ ಇರೋದು ಮಾಮೂಲು. ನಿದ್ದೆಗೆ ಅಲ್ಪ್ರಾಜೊಲಾಮ್, ಕ್ಲೋನಾಜೆಪಾಮ್ ಇದ್ದರೆ ಅವೂ ನೆನಪು ಮಂಕು ಮಾಡ್ತವೆ. ಆದರೆ ದಯವಿಟ್ಟು ನೀವೇ ಒಮ್ಮೆಲೇ ನಿಲ್ಲಿಸಬೇಡಿ, ಫಿಟ್ಸ್ ಬರಬಹುದು. ಡಾಕ್ಟರ್ ಹೇಳಿದಂತೆ ವಾರಗಟ್ಟಲೆ ಇಳಿಸಬೇಕು. ವರ್ಷಗಳಿಂದ ಮೆಟ್‌ಫಾರ್ಮಿನ್ ತಗೊಳ್ತಿದ್ದರೆ ಬಿ12 ನೋಡಿಸಿ, ಕಮ್ಮಿಯಾದರೆ ಅದರಿಂದಲೂ ಮರೆವು ಬರುತ್ತೆ. ಜೊತೆಗೆ ಥೈರಾಯ್ಡ್, ಸೋಡಿಯಂ.

ಔಷಧ ಬದಲಾಯಿಸಿದ ಮೇಲೆ ಅತ್ತೆಯ ಮಂಪರು ಹೋಯ್ತು, ಮರೆವು ಪೂರ್ತಿ ಹೋಗಲಿಲ್ಲ. ಉಳಿದಿದ್ದಕ್ಕೇ ನರರೋಗ ತಜ್ಞರು ಬೇಕು. ಗೊಂದಲ ಒಂದೆರಡು ದಿನದಲ್ಲೇ ದಿಢೀರ್ ಏರಿದ್ದರೆ ಮಾತ್ರ ಕಾಯಬೇಡಿ. ಸೋಂಕೋ, ಶುಗರ್ ಇಳಿದಿದ್ದೋ ಇರಬಹುದು, ಅವತ್ತೇ ಹತ್ತಿರದ ತುರ್ತು ವಿಭಾಗಕ್ಕೆ ಕರ್ಕೊಂಡು ಹೋಗಿ.